ಹೊನ್ನಾವರ ಅರ್ಥವಾಗಬೇಕಾದರೆ ಅಳಿವೆಯಿಂದ ಶುರು ಮಾಡಬೇಕು

ಮಂಗಳೂರು ಕಡೆಯಿಂದ ಗೋವಾಕ್ಕೆ ರೈಲಲ್ಲಿ ಹೋಗುವವರು ಹೊನ್ನಾವರ ಬಂದಾಗ ಒಮ್ಮೆ ಮೊಬೈಲ್‌ನಿಂದ ತಲೆ ಎತ್ತುತ್ತಾರೆ. ಶರಾವತಿ ಸೇತುವೆ ಅಷ್ಟು ಉದ್ದ ಇದೆ, ಎರಡು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಕೊಂಕಣ ರೈಲು ಮಾರ್ಗದಲ್ಲಿ ಇದಕ್ಕಿಂತ ಉದ್ದದ ಸೇತುವೆ ಇನ್ನೊಂದಿಲ್ಲ. ಆದರೆ ನದಿ ಯಾಕೆ ಇಲ್ಲಿ ಇಷ್ಟು ಅಗಲ? ಮೇಲೆ ಘಟ್ಟದಲ್ಲಿ ಇದೇ ನದಿ ಬಂಡೆಗಳ ಸಂದಿಯಲ್ಲಿ ನುಗ್ಗುತ್ತದೆ, ಜೋಗದಲ್ಲಿ 253 ಮೀಟರ್ ಕೆಳಗೆ ಬೀಳುತ್ತದೆ. ಅದೇ ನದಿ ಇಲ್ಲಿ ಬಂದು ಕೆರೆಯ ಹಾಗೆ ಸುಮ್ನೆ ಹರಡಿಕೊಂಡಿದೆ. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಹೊನ್ನಾವರದ ಅರ್ಧ ಇತಿಹಾಸ, ಅಲ್ಲಿ ಯಾರು ಎಲ್ಲಿ ವಾಸ ಮಾಡುತ್ತಾರೆ ಅನ್ನುವುದು, ಈಗ ನಡೆಯುತ್ತಿರುವ ಬಂದರಿನ ಜಗಳ, ಎಲ್ಲವೂ ಅರ್ಥವಾಗುತ್ತದೆ.

ಮೊದಲು ಊರಿನ ಅಳತೆ ತಿಳಿದಿರಲಿ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಒಂದು ಪಟ್ಟಣ ಪಂಚಾಯತ್. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 19 ಸಾವಿರ. ತಾಲೂಕು ಪೂರ್ತಿ ಲೆಕ್ಕ ಹಾಕಿದರೆ ಒಂದೂವರೆ ಲಕ್ಷ ದಾಟುತ್ತದೆ. ಅಂದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಪಟ್ಟಣದ ಹೊರಗೇ ಇದ್ದಾರೆ. ಆದರೆ ಕರಾವಳಿಯಲ್ಲಿ 'ಹೊರಗೆ' ಅನ್ನುವುದಕ್ಕೆ ದೊಡ್ಡ ಅರ್ಥ ಇಲ್ಲ. ಬಯಲುಸೀಮೆಯ ಹಾಗೆ ಊರು ಒಂದು ಕಡೆ ಗುಂಪಾಗಿ, ಸುತ್ತ ಹೊಲ ಅಂತ ಇಲ್ಲಿ ಇರುವುದಿಲ್ಲ. ಕರ್ಕಿ, ಹಳದೀಪುರ, ಕಾಸರಕೋಡ, ಮಂಕಿ ಅಂತ ಹೆದ್ದಾರಿಯ ಉದ್ದಕ್ಕೂ ಮನೆ, ತೆಂಗಿನ ತೋಟ, ಗದ್ದೆ, ಮತ್ತೆ ಮನೆ. ಎಲ್ಲಿ ಪೇಟೆ ಮುಗಿಯಿತು, ಎಲ್ಲಿ ಹಳ್ಳಿ ಶುರುವಾಯಿತು ಅಂತ ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ಬೋರ್ಡು ನೋಡಿಯೇ ತಿಳಿಯಬೇಕು.

ಈಗ ಅಳಿವೆಯ ವಿಷಯ. ನದಿ ಸಮುದ್ರ ಸೇರುವ ಬಾಯಿಗೆ ಕರಾವಳಿಯಲ್ಲಿ ಅಳಿವೆ ಅನ್ನುತ್ತಾರೆ. ಅಲ್ಲಿ ನದಿ ಸುಮ್ನೆ ಹೋಗಿ ಸಮುದ್ರಕ್ಕೆ ಸುರಿಯುತ್ತದೆ ಅಂದುಕೊಂಡರೆ ತಪ್ಪು, ಅಲ್ಲಿ ದಿನಾ ತಳ್ಳಾಟ ನಡೆಯುತ್ತದೆ. ಇಪ್ಪತ್ನಾಲ್ಕು ಗಂಟೆಯಲ್ಲಿ ಸುಮಾರಾಗಿ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉಬ್ಬರದಲ್ಲಿ ಸಮುದ್ರದ ಉಪ್ಪು ನೀರು ನದಿಯೊಳಗೆ ನುಗ್ಗುತ್ತದೆ. ಉಪ್ಪು ನೀರು ಭಾರ, ಹಾಗಾಗಿ ಅದು ತಳದಲ್ಲಿ ಮೇಲಕ್ಕೆ ಹೋಗುತ್ತದೆ, ನದಿಯ ಸಿಹಿ ನೀರು ಅದರ ಮೇಲೆ ತೇಲಿಕೊಂಡು ಸಮುದ್ರದ ಕಡೆ ಬರುತ್ತದೆ. ಘಟ್ಟದ ಬುಡ ದಾಟಿದ ಮೇಲೆ ನೆಲ ಹೆಚ್ಚುಕಮ್ಮಿ ಸಮುದ್ರದ ಮಟ್ಟದಲ್ಲೇ ಇರುವುದರಿಂದ, ಸುಮಾರು 30 ಕಿ.ಮೀ. ಒಳಗಿರುವ ಗೇರುಸೊಪ್ಪೆಯ ಹತ್ತಿರದವರೆಗೂ ಹಿಂದೆ ದೋಣಿಗಳು ಉಬ್ಬರದ ನೀರು ನೋಡಿಕೊಂಡು ಹೋಗಿ ಬರುತ್ತಿದ್ದವು. ನದಿ ಅಗಲವಾಗಿರುವುದೂ ಅದಕ್ಕೇ. ಇಳಿಜಾರು ಇಲ್ಲ, ಎದುರಿಗೆ ಸಮುದ್ರ ತಡೆದು ನಿಂತಿದೆ, ನೀರಿಗೆ ಅಕ್ಕಪಕ್ಕ ಹರಡದೆ ಬೇರೆ ದಾರಿ ಇಲ್ಲ. ಹೂಳು ಕೂತು ಮಧ್ಯದಲ್ಲಿ ಮಾವಿನಕುರ್ವೆಯಂಥ ನಡುಗಡ್ಡೆಗಳಾಗಿವೆ, ಅದರ ಮೇಲೆ ಊರುಗಳೇ ಇವೆ.

ಇನ್ನು ಮರಳು. ಮಳೆಗಾಲದ ನದಿ ಮರಳನ್ನು ಹೊರಗೆ ತಳ್ಳುತ್ತದೆ, ಅಲೆಗಳು ಅದನ್ನು ವಾಪಸ್ ತಂದು ಬಾಯಿಗೆ ಅಡ್ಡ ಹಾಕುತ್ತವೆ. ನೀರಿನ ಒಳಗೆ ಕಾಣದ ಮರಳ ದಿಬ್ಬ ಬೆಳೆಯುತ್ತದೆ. ಅದು ಒಂದೇ ಕಡೆ ಇರುವುದಿಲ್ಲ, ಪ್ರತಿ ಮಳೆಗಾಲ ಕಳೆದ ಮೇಲೆ ಅಳಿವೆಯ ದಾರಿ ಸ್ವಲ್ಪ ಆಚೀಚೆ ಆಗಿರುತ್ತದೆ. ಕರ್ಕಿ ಕಡೆಯಿಂದ ಬರುವ ಬಡಗಣಿ ಹೊಳೆಯೂ ಇದೇ ಬಾಯಿಗೆ ಬಂದು ಸೇರುವುದರಿಂದ ಗೊಂದಲ ಇನ್ನೂ ಜಾಸ್ತಿ. ಮೀನುಗಾರಿಕೆ ದೋಣಿಗಳು ಸಮುದ್ರದಲ್ಲಿ ದಿನಗಟ್ಟಲೆ ಸುರಕ್ಷಿತವಾಗಿದ್ದು, ಮನೆ ಕಾಣುವ ದೂರಕ್ಕೆ ಬಂದ ಮೇಲೆ ಅಳಿವೆಯ ದಿಬ್ಬಕ್ಕೆ ತಾಗಿ ಮಗುಚಿದ್ದು ಇಲ್ಲಿ ಹಲವು ಸಲ ಆಗಿದೆ. ಹೂಳೆತ್ತಿ, ಅಲೆತಡೆಗೋಡೆ ಕಟ್ಟಿ ಅನ್ನುವ ಬೇಡಿಕೆ ಅದಕ್ಕೇ ಇಷ್ಟು ಹಳೆಯದು.

ಇದೇ ಅಳಿವೆ ಒಂದು ಕಾಲಕ್ಕೆ ಊರಿನ ದೊಡ್ಡ ಆಸ್ತಿಯಾಗಿತ್ತು. ಹಾಯಿ ಹಡಗಿನ ಕಾಲದಲ್ಲಿ ಹಡಗುಗಳು ಚಿಕ್ಕವು, ಅವುಗಳ ತಳ ನೀರಿನಲ್ಲಿ ಆಳಕ್ಕೆ ಇಳಿಯುತ್ತಿರಲಿಲ್ಲ. ಉಬ್ಬರ ಬಂದಾಗ ಮರಳ ದಿಬ್ಬ ದಾಟಿ ಒಳಗೆ ಬಂದುಬಿಟ್ಟರೆ ಆಯಿತು, ಮುಂಗಾರಿನ ಗಾಳಿಯೂ ತಾಗದ, ಕಡಲ್ಗಳ್ಳರಿಗೂ ಸುಲಭಕ್ಕೆ ಸಿಗದ ವಿಶಾಲ ನೀರು. ಮೇಲಾಗಿ ಹಿಂದೆಯೇ ಘಟ್ಟ, ಘಟ್ಟದ ಮೇಲೆ ಕಾಳುಮೆಣಸು. ಮೆಣಸು ಎತ್ತಿನ ಬೆನ್ನಿನ ಮೇಲೆ ಘಟ್ಟ ಇಳಿದು ಗೇರುಸೊಪ್ಪೆಗೆ ಬರುತ್ತಿತ್ತು, ಅಲ್ಲಿಂದ ದೋಣಿಯಲ್ಲಿ ಹೊನ್ನಾವರಕ್ಕೆ, ಅಲ್ಲಿಂದ ಹಡಗಿನಲ್ಲಿ ಅರಬ್ಬರ ನಾಡಿಗೆ. ಇವತ್ತಿನ 69ನೇ ರಾಷ್ಟ್ರೀಯ ಹೆದ್ದಾರಿ ಹೊನ್ನಾವರದಿಂದ ಹೊರಟು ಗೇರುಸೊಪ್ಪೆ ಮೇಲೆ ಘಟ್ಟ ಹತ್ತುತ್ತದಲ್ಲ, ಅದು ಹೆಚ್ಚುಕಮ್ಮಿ ಈ ಹಳೆಯ ಮೆಣಸಿನ ದಾರಿಯೇ.

1340ರ ದಶಕದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದ. ಊರಿನ ಹೆಸರನ್ನು ಹಿನೌರ್ ಅಂತ ಬರೆದ. ಆಗ ಇಲ್ಲಿ ಸುಲ್ತಾನ ಜಮಾಲುದ್ದೀನ್ ಅನ್ನುವವನ ಆಳ್ವಿಕೆ, ಅವನು ತನ್ನ ಮೇಲಿನ ಒಬ್ಬ ಹಿಂದೂ ರಾಜನ ಅಧೀನ. ಇಲ್ಲಿನ ಜನ ಸಮುದ್ರ ವ್ಯಾಪಾರದಿಂದಲೇ ಬದುಕುತ್ತಾರೆ, ಅವರಿಗೆ ಸಾಗುವಳಿ ಭೂಮಿ ಇಲ್ಲ ಅಂತ ಬತೂತ ಬರೆದಿದ್ದಾನೆ. ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂದಿದ್ದಾನೆ. ಹೆಂಗಸರೆಲ್ಲರಿಗೂ ಕುರಾನ್ ಬಾಯಿಪಾಠ ಅನ್ನುವ ಅವನ ಮಾತಿನಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಸ್ವಲ್ಪ ಇರಬಹುದು. ಆದರೆ ಹೆಣ್ಣುಮಕ್ಕಳ ಶಾಲೆಗಳನ್ನು ಒಬ್ಬ ಪ್ರವಾಸಿ ಪ್ರತ್ಯೇಕವಾಗಿ ಎಣಿಸಿ ಬರೆದಿದ್ದಾನೆ ಅಂದರೆ ಅದು ಅವನಿಗೂ ವಿಶೇಷವಾಗಿ ಕಂಡಿರಬೇಕು, ಅಲ್ವಾ? ಸುಮಾರು ಏಳು ನೂರು ವರ್ಷ ಹಿಂದಿನ ಕರಾವಳಿ ಅಂದರೆ ಹಿಂದುಳಿದ ಮೂಲೆ ಅಂತ ಅಂದುಕೊಳ್ಳುವವರು ಈ ಒಂದು ಸಾಲನ್ನು ಓದಬೇಕು.

ಪೋರ್ಚುಗೀಸರು ಬಂದ ಮೇಲೆ ಕಥೆ ಬಿರುಸಾಯಿತು. ಅವರ ದಾಖಲೆಗಳಲ್ಲಿ ಹೊನ್ನಾವರದ ಹೆಸರು ಓನೋರ್. ಅವರು ಮೊದಲು ಎದುರಿಸಿದ್ದು ತಿಮ್ಮೋಜ ಅಥವಾ ತಿಮ್ಮಯ್ಯ ಅನ್ನುವ ಇಲ್ಲಿನ ನಾವಿಕನನ್ನು. ಪೋರ್ಚುಗೀಸರ ಪ್ರಕಾರ ಅವನು ಕಡಲ್ಗಳ್ಳ, ವಿಜಯನಗರದ ಲೆಕ್ಕದಲ್ಲಿ ಕುದುರೆ ವ್ಯಾಪಾರದ ದಾರಿ ಕಾಯುವವನು. ಯಾರು ಬರೆದರು ಅನ್ನುವುದರ ಮೇಲೆ ಇಂಥ ಬಿರುದುಗಳು ಬದಲಾಗುತ್ತವೆ. 1505ರಲ್ಲಿ ಪೋರ್ಚುಗೀಸರು ಹೊನ್ನಾವರದ ಹಡಗುಗಳಿಗೆ ಬೆಂಕಿ ಇಟ್ಟರು. ಅದಾಗಿ ಐದೇ ವರ್ಷಕ್ಕೆ ಅದೇ ತಿಮ್ಮೋಜ ಅವರ ಜೊತೆ ಸೇರಿದ, ಬಿಜಾಪುರದವರ ಕೈಲಿದ್ದ ಗೋವಾದ ಮೇಲೆ ದಾಳಿ ಮಾಡಿ ಅಂತ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್‌ಗೆ ಸಲಹೆ ಕೊಟ್ಟ. 1510ರಲ್ಲಿ ಗೋವಾ ಬಿತ್ತು. ಮುಂದಿನ ನಾಲ್ಕೂವರೆ ಶತಮಾನ ಗೋವಾ ಪೋರ್ಚುಗೀಸರ ಕೈಲೇ ಇತ್ತು. ಹೊನ್ನಾವರದ ಒಬ್ಬ ನಾವಿಕನ ಲೆಕ್ಕಾಚಾರಕ್ಕೂ ಅದರಲ್ಲಿ ಪಾಲಿದೆ.

ಮೇಲೆ ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿ. ಜೈನ ಮನೆತನ, ವಿಜಯನಗರದ ಸಾಮಂತರು. 1552ರಿಂದ 1606ರವರೆಗೆ, ಅಂದರೆ 54 ವರ್ಷ ಆಳಿದಳು ಅನ್ನುತ್ತಾರೆ. ಮೆಣಸಿನ ವ್ಯಾಪಾರ ಅವಳ ಹಿಡಿತದಲ್ಲಿತ್ತು, ಹಾಗಾಗಿ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಅವರ ಜೊತೆ ವ್ಯಾಪಾರವೂ ನಡೆಯಿತು, ಯುದ್ಧವೂ ನಡೆಯಿತು. 1569ರಲ್ಲಿ ಪೋರ್ಚುಗೀಸರು ಹೊನ್ನಾವರ ಹಿಡಿದು ಕೋಟೆ ಕಟ್ಟಿದರು, ಅಂದರೆ ಅಳಿವೆಯ ಬಾಯಿಯಲ್ಲಿ ಅವರು, ನದಿಯ ತಲೆಯಲ್ಲಿ ಅವಳು. ಮೆಣಸು ಬೇಕಾದವರಿಗೆ ಅವಳು ಬೇಕು, ಮೆಣಸು ಮಾರಬೇಕಾದ ಅವಳಿಗೆ ಬಾಯಿ ತೆರೆದಿರಬೇಕು. ಇಬ್ಬರಿಗೂ ಬಿಟ್ಟರೂ ಆಗದು, ಹಿಡಿದರೂ ಆಗದು ಅನ್ನುವ ಸ್ಥಿತಿ. ಕೊನೆಗೆ ಅವಳನ್ನು ಸೋಲಿಸಿದ್ದು ಪೋರ್ಚುಗೀಸರಲ್ಲ, ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಕೆಳದಿ ನಾಯಕರ ರಾಜಧಾನಿ ಇಕ್ಕೇರಿಗೆ ಹೋಗುತ್ತಾ ಹೊನ್ನಾವರದಿಂದ ಗೇರುಸೊಪ್ಪೆಗೆ ಇದೇ ನದಿಯಲ್ಲಿ ದೋಣಿ ಪ್ರಯಾಣ ಮಾಡಿದ. ನದಿಯ ಚೆಂದವನ್ನು ಬಾಯಿ ತುಂಬಾ ಹೊಗಳಿದ. ಆದರೆ ಗೇರುಸೊಪ್ಪೆ ಅಷ್ಟು ಹೊತ್ತಿಗೆ ಹಾಳು ಬಿದ್ದು ಗಿಡಗಂಟಿ ಬೆಳೆದಿತ್ತು. ರಾಣಿ ಸೋತು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಈಗ ಅಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಕಾಡಿನ ಮಧ್ಯೆ ಒಂಟಿಯಾಗಿ ನಿಂತಿದೆ. ಜೋಗಕ್ಕೆ ಹೋಗುವ ಸಾವಿರಾರು ಕಾರುಗಳಲ್ಲಿ ಎಷ್ಟು ಅತ್ತ ತಿರುಗುತ್ತವೋ!

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರಿಂದ ಹೊನ್ನಾವರ ಕಿತ್ತುಕೊಂಡ. ಅಳಿವೆಯ ಎದುರಿಗೆ ಸಮುದ್ರದಲ್ಲಿ ಕಾಣುವ ಬಸವರಾಜದುರ್ಗ ದ್ವೀಪದ ಕೋಟೆಯೂ ಕೆಳದಿಯವರದೇ ಅನ್ನುತ್ತಾರೆ. ಅವರಾದ ಮೇಲೆ ಹೈದರಾಲಿ. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಹೊನ್ನಾವರ ಹಿಡಿದ, ಟಿಪ್ಪುವಿನ ಸೈನ್ಯ ಬಂದು ಕೋಟೆಗೆ ಮುತ್ತಿಗೆ ಹಾಕಿತು, ಕ್ಯಾಪ್ಟನ್ ಟೋರಿಯಾನೋ ಅನ್ನುವವನು ಹೆಚ್ಚುಕಮ್ಮಿ ಒಂದು ವರ್ಷ ಹಿಡಿದುಕೊಂಡು ಕೂತ, ಕೊನೆಗೆ 1784ರ ಮಂಗಳೂರು ಒಪ್ಪಂದದಿಂದ ಊರು ಟಿಪ್ಪುವಿಗೆ ವಾಪಸ್ ಬಂತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಜಿಲ್ಲೆ ಇಂಗ್ಲಿಷರದಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಈ ಕೊನೆಯದು ಸಣ್ಣ ವಿಷಯ ಅಲ್ಲ. ಪಕ್ಕದ ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು. ಒಂದೇ ಸಮುದ್ರ, ಒಂದೇ ಮೀನು, ಆದರೆ 1956ರವರೆಗೂ ಬೇರೆ ಬೇರೆ ಸರ್ಕಾರ.

ಬಂದರು ಬಡವಾಗಿದ್ದೂ ಇದೇ ಕಾಲದಲ್ಲಿ. ಉಗಿ ಹಡಗು ಬಂತು, ಅದು ದೊಡ್ಡದು, ಅಳಿವೆಯ ದಿಬ್ಬ ದಾಟಿ ಒಳಗೆ ಬರಲಾರದು. ಹೊರಗೆ ಸಮುದ್ರದಲ್ಲೇ ನಿಂತು ಸಣ್ಣ ದೋಣಿಯಲ್ಲಿ ಸಾಮಾನು ಇಳಿಸಬೇಕಿತ್ತು. ಆಳವಾದ ನೀರಿರುವ ಕಾರವಾರದ ಕಡೆ ಸರ್ಕಾರದ ಗಮನ ಹೋಯಿತು. ಪಕ್ಕದ ಕುಮಟಾದಿಂದ ಹೋಗುತ್ತಿದ್ದ ಹತ್ತಿ ಎಷ್ಟು ಹೆಸರಾಗಿತ್ತು ಅಂದರೆ ಧಾರವಾಡ ಸೀಮೆಯಲ್ಲಿ ಬೆಳೆದದ್ದಕ್ಕೂ ಕುಮಟಾ ಹತ್ತಿ ಅನ್ನುತ್ತಿದ್ದರು. 1880ರ ದಶಕದ ಕೊನೆಗೆ ಮರ್ಮಗೋವಾಕ್ಕೆ ರೈಲು ಬಂದದ್ದೇ ತಡ, ಘಟ್ಟದ ಸರಕೆಲ್ಲ ಅತ್ತ ಹೊರಳಿತು. ಉತ್ತರ ಕನ್ನಡದ ಬಂದರುಗಳು ಒಂದೊಂದಾಗಿ ಮೀನುಗಾರರ ಊರುಗಳಾದವು. ಹೊನ್ನಾವರವನ್ನು ಯಾರೂ ಸೋಲಿಸಲಿಲ್ಲ, ಹಡಗು ದೊಡ್ಡದಾಯಿತು ಅಷ್ಟೆ.

ಜನ ಎಲ್ಲಿ ಯಾರು ಅಂತ ನೋಡಬೇಕಾದರೆ ಸಮುದ್ರದಿಂದ ಘಟ್ಟದ ಕಡೆ ನಡೆಯಬೇಕು. ದೂರ ಜಾಸ್ತಿ ಇಲ್ಲ, ಉತ್ತರ ಕನ್ನಡದಲ್ಲಿ ಘಟ್ಟ ಸಮುದ್ರಕ್ಕೆ ತುಂಬಾ ಹತ್ತಿರ. ಮೊದಲು ಮರಳ ದಂಡೆ. ಅಲ್ಲಿ ಮೀನುಗಾರರ ಕೇರಿಗಳು. ಹೊರಗಿನವರು ಮೀನುಗಾರರು ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಹತ್ತಿರ ಹೋದರೆ ಕೊಂಕಣಿ ಮಾತಾಡುವ ಖಾರ್ವಿಗಳು, ಕ್ರಿಶ್ಚಿಯನ್ ಖಾರ್ವಿಗಳು, ಹರಿಕಂತ್ರರು, ಮೊಗೇರರು, ಮುಸ್ಲಿಮರಲ್ಲಿ ದಾಲ್ಜಿಗಳು, ನದಿಯ ಒಳಗೆ ಹೋದಂತೆ ಅಂಬಿಗರು. ಸಮುದ್ರದ ಮೀನು, ಹೊಳೆಯ ಮೀನು, ಬಲೆ, ದೋಣಿ, ದೇವರು, ಮನೆಮಾತು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ವ್ಯತ್ಯಾಸ. ಒಂದು ವಿಷಯ ಮಾತ್ರ ಎಲ್ಲರಿಗೂ ಸಮಾನ. ಗಂಡಸರು ಹಿಡಿದು ತರುವುದು, ಹೆಂಗಸರು ಮಾರುವುದು. ಮೀನಿನ ದುಡ್ಡು ಹೆಂಗಸರ ಕೈಯಲ್ಲಿ ಓಡಾಡುತ್ತದೆ, ಒಣಮೀನಿನ ವ್ಯವಹಾರವಂತೂ ಪೂರ್ತಿ ಅವರದೇ.

ಪೇಟೆಯಲ್ಲಿ ಗೌಡ ಸಾರಸ್ವತರು, ದೈವಜ್ಞರು, ನವಾಯತ ಮುಸ್ಲಿಮರು. ಇವರೆಲ್ಲ ಬಂದರು ಇದ್ದದ್ದರಿಂದ ಬಂದು ನೆಲೆಸಿದವರು ಅಥವಾ ಬೆಳೆದವರು. ನವಾಯತರ ಮಾತು ಕೊಂಕಣಿಯ ಬುಡಕ್ಕೆ ಅರಬ್ಬಿ, ಪಾರ್ಸಿ ಬೆರೆತದ್ದು. ಭಟ್ಕಳ, ಮುರ್ಡೇಶ್ವರ, ಮಂಕಿ, ಹೊನ್ನಾವರದ ಈ ಜನ ಹಿಂದೆ ಹಾಯಿ ಹಡಗಿನಲ್ಲಿ ಹೋದ ದಾರಿಯಲ್ಲೇ ಈಗ ವಿಮಾನದಲ್ಲಿ ದುಬೈಗೆ ಹೋಗುತ್ತಾರೆ.

ಪೇಟೆ ದಾಟಿದರೆ ಭತ್ತದ ಗದ್ದೆ. ಅಲ್ಲಿ ನಾಮಧಾರಿ ನಾಯ್ಕರು, ಹಾಲಕ್ಕಿ ಒಕ್ಕಲಿಗರು, ಗಾಮೊಕ್ಕಲರು, ಮುಕ್ರಿಯವರು. ಗದ್ದೆಯ ಆಚೆ ಕೆಂಪು ಕಲ್ಲಿನ ಗುಡ್ಡಗಳು. ಇದೇ ಕಲ್ಲನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಮನೆ ಕಟ್ಟುತ್ತಾರೆ. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ಕಲ್ಲು ಅದು. ಗುಡ್ಡದ ತಲೆ ಬೋಳು, ಯಾಕೆಂದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಮಳೆ ಅಲ್ಲಿ ಮಣ್ಣು ನಿಲ್ಲಲು ಬಿಡುವುದಿಲ್ಲ. ಆದರೆ ಗುಡ್ಡದ ಸಂದಿಯ ಕಣಿವೆಯಲ್ಲಿ ವರ್ಷವಿಡೀ ಜರಿ ನೀರು, ಅಲ್ಲಿ ಅಡಿಕೆ ತೋಟ, ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ತೋಟದ ತಲೆಗೆ ಹವ್ಯಕರ ಮನೆ. ರಾಣಿ ಹೋಗಿ ನಾಲ್ಕು ನೂರು ವರ್ಷವಾದರೂ ಮೆಣಸು ಇನ್ನೂ ಇದೆ.

ಈ ಗದ್ದೆ ತೋಟಗಳ ಮಧ್ಯೆಯೇ ಯಕ್ಷಗಾನ ಬೆಳೆದದ್ದು. ಸುಗ್ಗಿ ಮುಗಿದ ಮೇಲೆ ಗದ್ದೆ ಖಾಲಿ, ಮಳೆ ಇಲ್ಲ, ರಾತ್ರಿ ತಂಪು, ಆಟಕ್ಕೆ ಇದಕ್ಕಿಂತ ಒಳ್ಳೆಯ ರಂಗಸ್ಥಳ ಬೇಕಾ? ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು, ಮಗ ಶಂಭು ಹೆಗಡೆಯವರು ಅದನ್ನು ದೇಶ ವಿದೇಶಕ್ಕೆ ಒಯ್ದರು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ತಾಲೂಕಿನವರು. ಕೆರೆಮನೆಯವರದು ಅಳೆದು ತೂಗಿದ ಅಭಿನಯ, ಚಿಟ್ಟಾಣಿಯವರದು ರಂಗ ಅದುರಿಸುವ ಕುಣಿತ. ಯಾರು ದೊಡ್ಡವರು ಅಂತ ಇಲ್ಲಿನ ಚಹಾ ಅಂಗಡಿಯಲ್ಲಿ ಕೇಳಲು ಹೋಗಬೇಡಿ, ಬಸ್ಸು ತಪ್ಪುತ್ತದೆ.

ಮತ್ತೆ ನದಿಗೆ ಬರೋಣ, ಯಾಕೆಂದರೆ ಅಳಿವೆಯನ್ನು ಜಾಸ್ತಿ ಬದಲಾಯಿಸಿದ್ದು ರಾಜರೂ ಅಲ್ಲ, ಪೋರ್ಚುಗೀಸರೂ ಅಲ್ಲ. 1964ರಲ್ಲಿ ಘಟ್ಟದ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. 151 ಟಿಎಂಸಿ ನೀರು ಹಿಡಿಯುವ ಜಲಾಶಯ, ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು, 240 ಮೆಗಾವ್ಯಾಟ್. ಇದರಿಂದ ಮುಳುಗಡೆಯಾದವರ ಕಷ್ಟ ಮಲೆನಾಡಿನವರಿಗೆಲ್ಲ ಗೊತ್ತು. ಕೆಳಗೆ ಹೊನ್ನಾವರದಲ್ಲಿ ಏನಾಯಿತು ಅನ್ನುವುದು ಅಷ್ಟು ಚರ್ಚೆ ಆಗುವುದಿಲ್ಲ.

ಅಣೆಕಟ್ಟು ಅಂದ ಕೂಡಲೇ ಕೆಳಗೆ ನೀರು ಕಡಿಮೆ ಆಯಿತು ಅಂತ ಅಂದುಕೊಳ್ಳುತ್ತೇವೆ. ಶರಾವತಿಯಲ್ಲಿ ಆದದ್ದು ಉಲ್ಟಾ. ಮೊದಲು ಬೇಸಿಗೆಯಲ್ಲಿ ನದಿ ಸಣ್ಣದಾಗಿ, ಉಪ್ಪು ನೀರು ದೂರದವರೆಗೆ ಒಳಗೆ ಬರುತ್ತಿತ್ತು. ಈಗ ಕರೆಂಟು ತೆಗೆಯಲು ವರ್ಷವಿಡೀ ನೀರು ಬಿಡುತ್ತಾರೆ, ಏಪ್ರಿಲ್‌ನಲ್ಲೂ ನದಿ ತುಂಬಿ ಹರಿಯುತ್ತದೆ. ಕುಡಿಯಲು, ತೋಟಕ್ಕೆ ಒಳ್ಳೆಯದೇ. ಆದರೆ ಅಳಿವೆಯ ಜೀವಗಳು ಉಪ್ಪು ಮತ್ತು ಸಿಹಿಯ ಏರಿಳಿತಕ್ಕೆ ಹೊಂದಿಕೊಂಡವು. ಬಳಚು, ಕಲ್ವದಂಥ ಚಿಪ್ಪಿನ ಜೀವಿಗಳಿಗೆ ಬೇಸಿಗೆಯ ಉಪ್ಪು ಬೇಕೇ ಬೇಕು. ಶೆಟ್ಲಿ (ಸಿಗಡಿ) ಮರಿಗಳು, ಹಲವು ಸಮುದ್ರದ ಮೀನುಗಳು ಬೆಳೆಯಲು ಒಳಗೆ ಬರುವುದೂ ಈ ಉಪ್ಪಿನ ಲೆಕ್ಕದಲ್ಲೇ. ಅಳಿವೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಲ್ಲೂ ಈಗ ಶರಾವತಿಯಲ್ಲಿ ಜಾಸ್ತಿ ಕಾಣುವುದು ಸಿಹಿ ನೀರು ತಾಳಿಕೊಳ್ಳುವ ಜಾತಿ.

ಇದು ಊಹೆ ಅಲ್ಲ ಅಂತ ತಿಳಿಯಲು ಬರೀ 20 ಕಿ.ಮೀ. ಉತ್ತರಕ್ಕೆ, ಕುಮಟಾಕ್ಕೆ ಹೋದರೆ ಸಾಕು. ಅಲ್ಲಿ ಅಘನಾಶಿನಿ ನದಿ. ಅದೇ ಘಟ್ಟ, ಅದೇ ಮಳೆ, ಅದೇ ಸಮುದ್ರ. ಒಂದೇ ವ್ಯತ್ಯಾಸ, ಅದಕ್ಕೆ ದೊಡ್ಡ ಅಣೆಕಟ್ಟು ಇಲ್ಲ. ಅಲ್ಲಿ ಇವತ್ತಿಗೂ ಇಳಿತದ ಹೊತ್ತಿಗೆ ನೂರಾರು ಜನ ಸೊಂಟ ಮಟ್ಟ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುತ್ತಾರೆ, ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿದವರು ಮೀನಿನ ಬಗೆಗಳಲ್ಲಿ, ಚಿಪ್ಪಿನಲ್ಲಿ ಶರಾವತಿ ತುಂಬಾ ಹಿಂದೆ ಬಿದ್ದಿದೆ ಅಂತ ತೋರಿಸಿದ್ದಾರೆ. ನಾಡಿಗೆ ಬೆಳಕು ಕೊಟ್ಟ ನದಿಯ ಕೊನೆಯಲ್ಲಿ ಅಂಬಿಗರ ಬಲೆ ಹಗುರವಾಯಿತು. ಈ ನಷ್ಟ ಯಾರ ಪರಿಹಾರದ ಪಟ್ಟಿಯಲ್ಲೂ ಬರಲಿಲ್ಲ, ಯಾಕೆಂದರೆ ಅವರ ಜಮೀನು ಮುಳುಗಲಿಲ್ಲವಲ್ಲ.

ಹೊಳೆ ಬಡವಾದಂತೆ ಎಲ್ಲರ ಕಣ್ಣು ಸಮುದ್ರದ ಕಡೆ. ಅಳಿವೆಯ ದಕ್ಷಿಣಕ್ಕೆ ಕಾಸರಕೋಡ, ಅದರ ಮರಳ ನಾಲಿಗೆಯ ತುದಿಗೆ ಟೊಂಕ. ಈ ಒಂದು ಚೂರು ಜಾಗಕ್ಕೆ ಈಗ ಎಷ್ಟು ಜನ ಹಕ್ಕುದಾರರು ನೋಡಿ. 2020ರಲ್ಲಿ ಕಾಸರಕೋಡ ಕಡಲತೀರಕ್ಕೆ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಅನ್ನುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು, ಪ್ರವಾಸಿಗರು ಬಂದರು. ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಬಂದು ಮೊಟ್ಟೆ ಇಡುತ್ತವೆ, ಅರಣ್ಯ ಇಲಾಖೆಯವರು, ಊರಿನವರು ಸೇರಿ ಕಾಯುತ್ತಾರೆ. ಅದೇ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಾರೆ. ಅದೇ ಜಾಗದಲ್ಲಿ ಖಾಸಗಿ ಕಂಪನಿಯೊಂದಕ್ಕೆ ಬಂದರು ಕಟ್ಟಲು ಸರ್ಕಾರ ಹದಿನೈದು ವರ್ಷದ ಹಿಂದೆ ಜಾಗ ಗುತ್ತಿಗೆ ಕೊಟ್ಟಿದೆ. ದಂಡೆಯ ಮೇಲೆ ರಸ್ತೆ ಮಾಡಲು ಬಂದಾಗ ಮೀನುಗಾರರು, ಅದರಲ್ಲೂ ಹೆಂಗಸರು, ಅಡ್ಡ ನಿಂತರು. ಪೊಲೀಸ್ ಕೇಸು, ಬಂಧನ, ಕೋರ್ಟು ಎಲ್ಲ ಆಗಿದೆ.

ಬಂದರು ಬೇಕು ಅನ್ನುವವರ ವಾದದಲ್ಲೂ ಹುರುಳಿಲ್ಲ ಅಂತಲ್ಲ. ಕಂಪನಿ ಬಂದರೆ ಹೂಳೆತ್ತುತ್ತದೆ, ಅಲೆತಡೆಗೋಡೆ ಬರುತ್ತದೆ, ಉದ್ಯೋಗ ಸಿಗುತ್ತದೆ ಅನ್ನುತ್ತಾರೆ. ಆದರೆ ಅಳಿವೆಯ ಸ್ವಭಾವ ಗೊತ್ತಿದ್ದವರಿಗೆ ಒಂದು ಪ್ರಶ್ನೆ ಉಳಿಯುತ್ತದೆ. ಮರಳು ಇಲ್ಲಿ ಯಾವತ್ತೂ ನಿಂತಲ್ಲಿ ನಿಲ್ಲುವುದಿಲ್ಲ. ಒಂದು ಕಡೆ ಗೋಡೆ ಕಟ್ಟಿದರೆ ಗೋಡೆಯ ಒಂದು ಮಗ್ಗುಲಲ್ಲಿ ಮರಳು ತುಂಬುತ್ತದೆ, ಇನ್ನೊಂದು ಮಗ್ಗುಲಲ್ಲಿ ದಂಡೆ ಕೊರೆಯುತ್ತದೆ. ಕೊರೆಯುವ ಮಗ್ಗುಲಿನಲ್ಲಿ ಯಾರ ಕೇರಿ ಇದೆ? ಜಮೀನಿನ ಹಕ್ಕುಪತ್ರ ತಲೆಮಾರುಗಳಿಂದ ಅಲ್ಲಿ ಇರುವವರ ಕೈಯಲ್ಲಿ ಇಲ್ಲ, ಯಾಕೆಂದರೆ ಮರಳ ದಂಡೆ ಸರ್ಕಾರಿ ಲೆಕ್ಕದಲ್ಲಿ ಖಾಲಿ ಜಾಗ. ನನಗೆ ಈ ಇಡೀ ಜಗಳದ ಗಂಟು ಇರುವುದು ಅಲ್ಲೇ ಅನಿಸುತ್ತದೆ.

ಮೇಲೆ ಘಟ್ಟದಲ್ಲೂ ಇನ್ನೊಂದು ತಯಾರಿ ನಡೆಯುತ್ತಿದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಕರೆಂಟು ಕಡಿಮೆ ಬೇಕಾದಾಗ ಕೆಳಗಿನ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಮತ್ತೆ ಕೆಳಗೆ ಬಿಡುವುದು. ಸಿಂಗಳೀಕಗಳ ಕಾಡಿನ ವಿಷಯಕ್ಕೆ ಇದರ ಮೇಲೆ ಜಾಸ್ತಿ ಗಲಾಟೆ ಆಗಿದೆ, ಅದು ಆಗಬೇಕಾದದ್ದೇ. ಗೇರುಸೊಪ್ಪೆಯಿಂದ ಕೆಳಗೆ ನೀರು ಯಾವ ಹೊತ್ತಿಗೆ, ಎಷ್ಟು ಬರುತ್ತದೆ ಅನ್ನುವುದನ್ನು ಮಾತ್ರ ಮಾವಿನಕುರ್ವೆಯ ತೋಟದವರೂ ಟೊಂಕದ ದೋಣಿಯವರೂ ಈಗಲೇ ಕೇಳಿ ಬರೆಸಿಕೊಳ್ಳಬೇಕು, 1964ರಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.